ಎರಡು ಮತ್ತು ಎರಡನೆಯದು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಆಪರೇಟರೇ, ಅವರ ಶ್ರೀಮತಿಯವರೇ, ಊಟದ ವಾಸನೆ ಬಂದರೂ ಕುರ್ಚಿ ಬಿಡದ ಸಭಿಕರೇ,

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಾಗಿ ನಾಲ್ಕು ಒಳ್ಳೆಯ ಮಾತು ಬರೆದು ತಂದಿದ್ದೇನೆ. ಇವರ ಕೆಲಸ ಏನಿತ್ತು? ನಮ್ಮಲ್ಲಿದ್ದದ್ದು ಒಂದೇ ಸರ್ವರ್. ಅದರೊಳಗೆ ಮೂರು ವರ್ಚುವಲ್ ಪಾರ್ಟಿಷನ್. ಒಂದೇ ಸೂರಿನಡಿ ಮೂರು ಸಂಸಾರ ಎನ್ನಿ. ಮೊದಲನೆಯದು ನೋಂದಣಿ, ಎರಡನೆಯದು ಲ್ಯಾಬ್, ಮೂರನೆಯದು ತೀವ್ರ ನಿಗಾ ಘಟಕದ ಔಷಧಿ ದಾಖಲೆ. ಒಂದು ಕೆಟ್ಟು ನಿಂತರೆ ಇವರು ಕಪ್ಪು ಪರದೆಯ ಮುಂದೆ ಕುಳಿತು, ಬೂಟ್ ಕಮಾಂಡ್ ಹೊಡೆದು, ಅದೊಂದನ್ನೇ ಎಬ್ಬಿಸುತ್ತಿದ್ದರು. ಆದರೆ ಯಂತ್ರ ಸೊನ್ನೆಯಿಂದ ಎಣಿಸುತ್ತದೆ. ಅದರ ಲೆಕ್ಕದಲ್ಲಿ ಲ್ಯಾಬ್ ಒಂದು, ಔಷಧಿ ಎರಡು. ಅದಕ್ಕೇ ಇವರು ಪ್ರತಿ ಸಲ ನಂಬರನ್ನು ತಿರುಗಿ ಕೇಳುತ್ತಿದ್ದರು. ಗಿಳಿ ಎಂದು ಹೆಸರಿಟ್ಟು ನಗುತ್ತಿದ್ದೆವು. ಹೆಚ್ಚು ನಕ್ಕವನು ನಾನೇ.

ಒಂಬತ್ತು ವರ್ಷದ ಹಿಂದಿನ ಆ ಮಧ್ಯಾಹ್ನದ ವಿಷಯ ಇಲ್ಲಿ ಬೇಡ. ಎಲ್ಲರಿಗೂ ಗೊತ್ತಿರುವುದೇ. ಲ್ಯಾಬ್ ನಿಂತಿತ್ತು, ಇವರು ಔಷಧಿ ದಾಖಲೆಯನ್ನು ರೀಸೆಟ್ ಮಾಡಿದರು, ಅದು ಮೇಲೇಳಲು ನಲವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ, ದಾಖಲೆ ಕಾಣದೆ, ಒಬ್ಬ ಹೆಣ್ಣುಮಗಳಿಗೆ ಮೈಗೆ ಒಗ್ಗದ ಇಂಜೆಕ್ಷನ್ ಕೊಟ್ಟುಬಿಟ್ಟರು. ಅವಳು ಉಳಿಯಲಿಲ್ಲ. ವಿಚಾರಣೆಯಾಗಿ ಇವರನ್ನು ಸ್ಟೋರಿಗೆ ಹಾಕಿದರು. ಒಂಬತ್ತು ವರ್ಷ ಹತ್ತಿ, ಸಿರಿಂಜು ಜೋಡಿಸಿದರು. ಒಂದು ದಿನ ಗೊಣಗಿದ್ದುಂಟೇ? ಇಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡರು.

ಹೊಟ್ಟೆಗೆ ಹಾಕಿಕೊಂಡರು ಎಂದುಬಿಟ್ಟೆ. ತಮ್ಮ ತಪ್ಪನ್ನು ಯಾರೂ ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ, ಅಲ್ಲವೇ? ಇನ್ನೊಬ್ಬರ ತಪ್ಪನ್ನು ಹಾಕಿಕೊಳ್ಳುತ್ತಾರೆ. ಇವರ ಶ್ರೀಮತಿಯವರು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಾರೆ.

ಅಂದು ಫೋನಿನಲ್ಲಿ ನಾನು, ಲ್ಯಾಬನ್ನು ಮನಸ್ಸಿನಲ್ಲಿಟ್ಟುಕೊಂಡು, "ಎರಡನೇದನ್ನ ರೀಸೆಟ್ ಮಾಡಿ" ಎಂದೆ. ಇವರು, "ಎರಡಾ ಸಾರ್?" ಎಂದು ಕೇಳಿದರು. "ಹೌದು, ಎರಡೇ. ಗಿಳಿ ಥರ ಕೇಳ್ತಾ ಕೂರಬೇಡಿ" ಎಂದೆ. ವಿಚಾರಣೆಯಲ್ಲಿ ನನ್ನ ಮೊದಲ ಮಾತನ್ನಷ್ಟೇ ಹೇಳಿದೆ. ಇವರು ತಿರುಗಿ ಕೇಳಿದ್ದನ್ನು, ನಾನು ಹೌದೆಂದದ್ದನ್ನು ನುಂಗಿಕೊಂಡೆ. ಹೊರಗೆ ಬಂದಾಗ ಇವರೇ ನನ್ನನ್ನು ಸಮಾಧಾನ ಮಾಡಿದರು: "ಇರಲಿ ಸಾರ್, ಒತ್ತಿದ್ದು ನನ್ನ ಬೆರಳೇ ಅಲ್ವಾ." ಮರುವಾರ ನನಗೆ ಬಡ್ತಿ ಬಂತು. ನಾಚಿಕೆಯಾಗಲಿಲ್ಲ. ನಿರಾಳವಾಯಿತು.

ಅಮ್ಮಾ, ನಿಮ್ಮ ಯಜಮಾನರು ಒಂದು ಜೀವ ತೆಗೆದರೆಂದು ಜನ ಆಡಿಕೊಂಡದ್ದನ್ನು ಒಂಬತ್ತು ವರ್ಷ ಕೇಳಿದ್ದೀರಿ. ಅವರು ನಾನು ಹೇಳಿದ್ದನ್ನೇ ಒತ್ತಿದರು. ಇದನ್ನು ನಾಳೆ ಬರವಣಿಗೆಯಲ್ಲಿ ಅಧ್ಯಕ್ಷರಿಗೆ ಕೊಡುತ್ತೇನೆ, ಆ ಹೆಣ್ಣುಮಗಳ ಮನೆಯವರಿಗೂ ಕೊಡುತ್ತೇನೆ.

ನೆನಪಿನ ಕಾಣಿಕೆಯನ್ನು ನನ್ನ ಕೈಯಿಂದ ಕೊಡಿಸುವುದೆಂದು ಪಟ್ಟಿಯಲ್ಲಿದೆ. ದಯವಿಟ್ಟು ಬೇರೆಯವರ ಕೈಯಿಂದ ಕೊಡಿಸಿ. ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.