ಒಂಬತ್ತನೆಯ ತಂಡ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಪ್ರಾಂಶುಪಾಲರಾದ ಚನ್ನವೀರೇಶ್ ಅವರೇ, ದೈಹಿಕ ಶಿಕ್ಷಣ ವಿಭಾಗದ ಅನಘಾ ಅವರೇ, ಊಟ ಮುಗಿಸಿ ಬಂದರೂ ಇನ್ನೂ ಎಚ್ಚರವಾಗಿರುವ ಸಭಿಕರೇ, ಮತ್ತು ನನ್ನ ಮಾತು ಮುಗಿದರೆ ಸಾಕು, ಫೈನಲ್ ಆಡೋಣ ಎಂದು ಕಾದಿರುವ ಎರಡು ತಂಡಗಳ ಹುಡುಗಿಯರೇ,

ನಾನು ಸೋಮಲಿಂಗಪ್ಪ, ಗಣಿತದ ಮೇಷ್ಟ್ರು. ಈ ತಿಂಗಳ ಕೊನೆಗೆ ನಿವೃತ್ತನಾಗುತ್ತೇನೆ. ಈಗ ಶಾಲು ಹೊದಿಸುವಾಗ, ಹದಿನಾಲ್ಕು ವರ್ಷ ಈ ಪಂದ್ಯಾವಳಿಯನ್ನು ಒಂದು ತಪ್ಪೂ ಇಲ್ಲದೆ ನಡೆಸಿದವರು ಎಂದು ಹೊಗಳಿದರು. ಆ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ.

ಬ್ಯಾಸ್ಕೆಟ್‌ಬಾಲ್ ನನಗೆ ಬಾರದು. ದಾವಣಗೆರೆಯಲ್ಲಿ ಓದುವಾಗ ಆ ಚೆಂಡನ್ನು ಒಂದೇ ಸಲ ಮುಟ್ಟಿದ್ದೇನೆ, ಅದೂ ಮೂಗಿನಿಂದ. ಆದರೆ ನಾಕೌಟ್ ಎಂದರೆ ಲೆಕ್ಕ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಎಂಟು ತಂಡ ಬಂದರೆ ನಾಲ್ಕು ಪಂದ್ಯ, ಆಮೇಲೆ ಎರಡು, ಕೊನೆಗೆ ಒಂದು. ಹನ್ನೊಂದು ಬಂದರೆ? ಈ ವರ್ಷ ಬಂದಿವೆ. ಐದು ತಂಡಗಳಿಗೆ ‘ಬೈ’ ಕೊಟ್ಟೆವು, ಅಂದರೆ ಆಡದೆಯೇ ಎರಡನೆಯ ಸುತ್ತಿಗೆ. ಉಳಿದ ಆರು ಆಡಿ ಮೂರಾದವು. ಐದೂ ಮೂರೂ ಎಂಟು. ಅಲ್ಲಿಂದ ದಾರಿ ನೇರ. ಒಟ್ಟು ಎಷ್ಟು ಪಂದ್ಯ? ಎಣಿಸಬೇಕಾಗಿಯೇ ಇಲ್ಲ. ಒಂದು ಪಂದ್ಯಕ್ಕೆ ಒಂದು ತಂಡ ಮನೆಗೆ ಹೋಗುತ್ತದೆ, ಹತ್ತು ತಂಡ ಹೋಗಬೇಕು, ಹತ್ತು ಪಂದ್ಯ. ಇದನ್ನು ಕಂಡೇ ನಾನು ಈ ಆಟಕ್ಕೆ ಮನಸೋತದ್ದು.

ಎಂಟು ವರ್ಷಗಳ ಹಿಂದೆ ಸರಿಯಾಗಿ ಎಂಟು ತಂಡಗಳ ಅರ್ಜಿ ಬಂದವು. ನನಗೋ ಹಬ್ಬ. ಚೀಟಿ ಎತ್ತಿಸಿ, ಕೆಂಪು ಮಸಿಯಲ್ಲಿ ಪಟ್ಟಿ ಬರೆದು ಅಂಟಿಸಿದೆ. ಪಂದ್ಯದ ದಿನ ಬೆಳಿಗ್ಗೆ ಎಂಟು ಗಂಟೆಗೆ ಲಗ್ಗೆರೆಯಿಂದ ಒಂಬತ್ತನೆಯ ತಂಡ ಬಂದು ನಿಂತಿತು. ನಾಯಕಿ ಸ್ಪಂದನ. ಅವಳ ತಾಯಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದರು; ಅಷ್ಟೂ ಜೆರ್ಸಿಗಳ ಮೇಲೆ ಬಿಳಿ ಬಟ್ಟೆ ಕತ್ತರಿಸಿ ಅವರೇ ನಂಬರು ಹೊಲಿದಿದ್ದರು.

ನಿಮ್ಮ ಅರ್ಜಿ ಬಂದಿಲ್ಲ ಎಂದೆ. ಅಂಚೆಯಲ್ಲಿ ಕಳಿಸಿದ್ದೇವೆ ಎಂದಳು. ಹುಡುಕುತ್ತೇನೆಂದು ಸ್ಟಾಫ್ ರೂಮಿಗೆ ಹೋದೆ. ಟೆಸ್ಟ್ ಪೇಪರುಗಳ ಕಟ್ಟಿನೊಳಗೆ ಇತ್ತು. ಹತ್ತು ದಿನಗಳಿಂದ ಅಲ್ಲೇ ಇತ್ತು. ಎಂಟು ಎಂಬ ಅಂಕಿ ಸಿಕ್ಕ ಮೇಲೆ ನಾನು ಇನ್ನೊಂದು ಲಕೋಟೆ ಹುಡುಕಲೇ ಇಲ್ಲ, ಅಷ್ಟೇ.

ಸಭಿಕರೇ, ಆಗ ನಾನೇನು ಮಾಡಬೇಕಿತ್ತು? ನಿಮಗೆಲ್ಲ ಗೊತ್ತು. ನಾನೇನು ಮಾಡಿದೆ? ಆ ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಬಂದು, ನಿಮ್ಮ ಅರ್ಜಿ ತಡವಾಗಿ ತಲುಪಿದೆ ಎಂದುಬಿಟ್ಟೆ.

ಸ್ಪಂದನ ಗಲಾಟೆ ಮಾಡಲಿಲ್ಲ. “ಸಾರ್, ಸೋತ್ರೆ ಹೋಗ್ತೀವಿ. ಆಡ್ದೆ ಹೇಗೆ ಹೋಗೋದು?” ಎಂದಳು.

ಒಂಬತ್ತು ತಂಡವಾದರೆ ಏಳಕ್ಕೆ ಬೈ, ಎರಡು ತಂಡ ಮಾತ್ರ ಒಂದು ಪಂದ್ಯ ಹೆಚ್ಚಿಗೆ ಆಡಬೇಕು. ಸೇರಿಸಿಕೊಳ್ಳಲು ಒಪ್ಪಿದೆ, ಆದರೆ ಲಗ್ಗೆರೆಯ ಜೊತೆ ಆಡುವವರು ಯಾರು? ಮತ್ತೆ ಚೀಟಿ ಎತ್ತಲು ಯಾವ ಕೋಚೂ ಒಪ್ಪಲಿಲ್ಲ. ಆಗ ನಮ್ಮ ಕಾಲೇಜಿನ ನಾಯಕಿ, ಅಂತಿಮ ವರ್ಷದ ಹುಡುಗಿ, ಬಂದು ಹೇಳಿದಳು: “ನಾವ್ ಆಡ್ತೀವಿ ಸಾರ್. ಬರ್ಕೊಳ್ಳಿ.” ಅವಳೇ ಇಂದು ವೇದಿಕೆಯ ಮೇಲಿರುವ ಅನಘಾ.

ನಲವತ್ತೊಂದು, ನಲವತ್ತು. ನಮ್ಮವರು ಒಂದು ಅಂಕದಿಂದ ಸೋತರು. ಆತಿಥೇಯ ತಂಡ ಬೆಳಿಗ್ಗೆ ಹತ್ತಕ್ಕೇ ಹೊರಗೆ. ಅನಘಾಳ ಕೊನೆಯ ಪಂದ್ಯಾವಳಿ ಅದು. ಅವಳು ಮುಖ ತೊಳೆದು ಬಂದು, ಸಂಜೆಯವರೆಗೆ ನನ್ನ ಪಕ್ಕ ಕೂತು ಸ್ಕೋರ್ ಬರೆದಳು. ಲಗ್ಗೆರೆಯವರು ಸೆಮಿಫೈನಲ್‌ನಲ್ಲಿ ಇಪ್ಪತ್ತಾರು ಅಂಕಗಳಿಂದ ಸೋತು, ಕೇಸರಿಬಾತ್ ಎರಡೆರಡು ಸಲ ಹಾಕಿಸಿಕೊಂಡು ಹೋದರು. ಆ ಸಂಜೆ ನನಗೆ ಉತ್ತಮ ಸಂಘಟಕ ಎಂದು ಶಾಲು ಹೊದಿಸಿದರು. ಅನಘಾ ಚಪ್ಪಾಳೆ ತಟ್ಟಿದಳು. ಮನೆಯಲ್ಲಿ ನನ್ನ ಹೆಂಡತಿ ಬಸವರಾಜೇಶ್ವರಿ ಆ ಶಾಲನ್ನು ಎಷ್ಟು ಸಲ ತೆಗೆದುಕೊಟ್ಟರೂ ನಾನು ಹೊದೆಯಲಿಲ್ಲ. ಯಾಕೆಂದು ಅವಳಿಗೂ ಈಗಲೇ ತಿಳಿಯುತ್ತಿದೆ. ಮುಂದಿನ ಸಾಲಿನಿಂದ ನೋಡುತ್ತಿದ್ದಾಳೆ. ಮನೆಯಲ್ಲಿ ಉತ್ತರ ಕೊಡುತ್ತೇನೆ.

ಕಳೆದ ವಾರ ಧೈರ್ಯ ಮಾಡಿ ಅನಘಾಗೆ ಎಲ್ಲ ಹೇಳಿದೆ. ಅವಳು ನೆಟ್ ಕಟ್ಟಿಸುತ್ತಿದ್ದಳು. ತಿರುಗಿಯೂ ನೋಡದೆ, “ಗೊತ್ತು ಸಾರ್. ಆ ಕವರ್ ಆಫೀಸಿಂದ ತಂದು ನಿಮ್ ಟೇಬಲ್ ಮೇಲೆ ಇಟ್ಟಿದ್ದೇ ನಾನು” ಎಂದಳು.

ಮತ್ತೆ ಅವತ್ತೇ ಯಾಕಮ್ಮಾ ಹೇಳಲಿಲ್ಲ ಎಂದೆ. ನೀವೇ ಹೇಳುತ್ತೀರಿ ಎಂದುಕೊಂಡಿದ್ದೆ ಎಂದಳು. ಸಭಿಕರೇ, ಎಂಟು ವರ್ಷ.

ನನ್ನಿಂದ ನೀನು ಸೋತೆಯಲ್ಲ ಎಂದೆ. ಆಗ ಅವಳಿಗೆ ನಿಜವಾಗಿ ಸಿಟ್ಟು ಬಂತು. “ಸೋತಿದ್ದು ಸ್ಪಂದನ ಚೆನ್ನಾಗಿ ಆಡಿದ್ಲು ಅಂತ. ಆ ಕೊನೇ ಬ್ಯಾಸ್ಕೆಟ್ ನೀವ್ ಹಾಕಿದ್ರಾ ಸಾರ್?”

ಹಾಕಿರಲಿಲ್ಲ. ನನ್ನ ಪಾಲಿಗೆ ಬರುವುದು ಆ ಲಕೋಟೆಯೊಂದೇ. ನಿನ್ನೆ ಪ್ರಾಂಶುಪಾಲರ ಎದುರಿಗೆ ಹಳೆಯ ದಾಖಲೆ ತೆಗೆಸಿ, ‘ತಡವಾಗಿ ಬಂದ ಅರ್ಜಿ’ ಎಂಬುದನ್ನು ಹೊಡೆದುಹಾಕಿ ಸಹಿ ಮಾಡಿದ್ದೇನೆ. ಸ್ಪಂದನ, ನಾನು ಕರೆದೆನೆಂದು ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದೀಯಮ್ಮ. ನಿಮ್ಮ ಅರ್ಜಿ ಸಮಯಕ್ಕೆ ಬಂದಿತ್ತು. ತಪ್ಪು ನನ್ನದು. ನಿನ್ನ ತಾಯಿಯವರಿಗೂ ತಿಳಿಸು.

ಇಷ್ಟು ವರ್ಷ ನನ್ನನ್ನು ಸಹಿಸಿದ ಎಲ್ಲರಿಗೂ ವಂದನೆಗಳು. ಹುಡುಗಿಯರೇ, ಏಳಿ, ಶೂ ಕಟ್ಟಿಕೊಳ್ಳಿ. ನಾನೂ ಬಂದು ನೋಡುತ್ತೇನೆ, ಈ ಸಲ ಲೆಕ್ಕ ಹಿಡಿಯದೆ. ನಮಸ್ಕಾರ.