ದೊಡ್ಡ ಹಾಳೆಯ ಇನ್ನೊಂದು ತುದಿ

ಬೀಗಗಳಿಗೆ ಬಂಧುವೂ, ಕಳ್ಳರ ಎದೆಗೆ ಸಿಡಿಲೂ, ಕಳೆದುಹೋದ ಸೈಕಲ್ಲುಗಳಿಗೆ ತಾಯಿತಂದೆಯೂ ಆದ ಮಹಾಮಹಿಮ ಠಾಣಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ ಸಾಷ್ಟಾಂಗವೆರಗಿ ಬರೆಸಿಕೊಟ್ಟ ಹೇಳಿಕೆ.

ಹೆಸರು: ಬೀದಿಯವರ ಬಾಯಲ್ಲಿ ತರ್ಲೆ. ವಯಸ್ಸು: ಇಪ್ಪತ್ತೆರಡು. ಕಸುಬು: ಪುಸ್ತಕದ ರಟ್ಟು ತೆರೆದ ಕೂಡಲೇ ಕಾಣುವ ಬಣ್ಣದ ಒಳಹಾಳೆ ತಯಾರಿಸುವುದು. ವಾಸ: ಹೊಲಿಗೆ ಅಂಗಡಿಯ ಮೇಲಿನ ಮಹಡಿ, ಒಬ್ಬಳೇ.

ಈ ಮೂಲಕ ತಿಳಿಸುವುದೇನೆಂದರೆ, ಸದರಿ ಅಂಗಡಿಯ ಟೈಲರ್ ಮಾಮ ನನ್ನ ಮೇಲೆ ಕೊಟ್ಟಿರುವ ದೂರು ಅಕ್ಷರಶಃ ನಿಜವಿರುತ್ತದೆ. ನಾನು ಕಳ್ಳ ಕಳ್ಳ ಎಂದು ಸುಳ್ಳು ಕೂಗಿದ್ದು ಹೌದು. ಅವರು ಇಸ್ತ್ರಿಪೆಟ್ಟಿಗೆಯನ್ನು ಗಿರಾಕಿಯ ಕೋಟಿನ ಮೇಲೆಯೇ ಬಿಟ್ಟು ಓಡಿಬಂದದ್ದೂ, ಕೋಟಿನ ಬೆನ್ನು ಸುಟ್ಟದ್ದೂ ಹೌದು. ನಾನು ಕೂಗಿದ ಕಾರಣ ಮಾತ್ರ ದೂರಿನಲ್ಲಿ ಇರುವುದಿಲ್ಲ.

ಬಾಗಿಲಿನಷ್ಟು ಉದ್ದದ ತಗಡಿನ ತಟ್ಟೆಯಲ್ಲಿ ಅಂಟು ಕಲಸಿದ ನೀರು ತುಂಬಿ, ಮೇಲೆ ಬಣ್ಣ ಚಿಮುಕಿಸಿ, ಮೊಳೆ ಹೊಡೆದ ಬಾಚಣಿಗೆಯಿಂದ ಎಳೆದರೆ ಬಣ್ಣ ನವಿಲುಗರಿಯಾಗಿ ತೇಲುತ್ತದೆ. ಅದರ ಮೇಲೆ ಕಾಗದ ಇಳಿಸಿ ಎತ್ತಿದರೆ ಚಿತ್ತಾರ ಕಾಗದಕ್ಕೆ ಬರುತ್ತದೆ. ಅದೇ ಚಿತ್ತಾರ ಮತ್ತೊಮ್ಮೆ ಬರುವುದಿಲ್ಲ. ದೊಡ್ಡ ಹಾಳೆಯಾದರೆ ಎರಡು ತುದಿಗೆ ಇಬ್ಬರು ನಿಲ್ಲಬೇಕು. ನಡು ಮೊದಲು ತಾಗಿ, ತುದಿಗಳು ಒಟ್ಟಿಗೆ ಇಳಿಯಬೇಕು. ಕೈ ಅಲುಗಿದರೆ ಗಾಳಿ ಸಿಕ್ಕಿ ಬಿಳಿ ಕಲೆ ಬೀಳುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ.

ಇನ್ನೊಂದು ತುದಿ ನನ್ನ ಅಕ್ಕನದು. ಹಾಳೆ ಇಳಿಯುವಾಗ ಅವಳು ಮೂಗಿನ ಹೊಳ್ಳೆ ಅರಳಿಸಿ ನನ್ನನ್ನು ನಗಿಸುತ್ತಿದ್ದಳು. ನಮ್ಮ ಹಾಳೆ ಕೊಳ್ಳುವ ಬೈಂಡಿಂಗ್ ಯಜಮಾನರು ಕಲೆ ನೋಡಿ, ಈ ಸಲ ನಕ್ಕಿದ್ದು ಯಾರಮ್ಮಾ, ದೊಡ್ಡೋಳೋ ಚಿಕ್ಕೋಳೋ ಎಂದು ಕೇಳುತ್ತಿದ್ದರು. ಮೂರು ತಿಂಗಳ ಹಿಂದೆ ಅಕ್ಕ ಬೇರೆ ಊರಿನ ಅಚ್ಚಿನ ಕಾರ್ಖಾನೆಗೆ ಸೇರಿರುತ್ತಾಳೆ. ಅಲ್ಲಿ ಯಂತ್ರವು ಒಂದೇ ನವಿಲುಗರಿಯನ್ನು ಸಾವಿರ ಸಲ ಒತ್ತುತ್ತದಂತೆ. ಫೋನಿನಲ್ಲಿ, ಊಟ ಆಯ್ತೇನೇ ಎನ್ನುತ್ತಾಳೆ. ಆಯ್ತು ಎನ್ನುತ್ತೇನೆ. ಆಮೇಲೆ ಫೋನು ಇಡುತ್ತೇವೆ.

ಮಂಗಳವಾರ ನಾಲ್ಕು ಗಂಟೆಗೆ ಒಂದು ಭೂಪಟ ಪುಸ್ತಕದ ದೊಡ್ಡ ಹಾಳೆಗೆ ಬಣ್ಣ ಬಿಟ್ಟಿದ್ದೆ. ಐದಕ್ಕೆ ಯಜಮಾನರು ಬರುವವರಿದ್ದರು. ಕಾರ್ಖಾನೆ ಕಾಗದ ಅಗ್ಗ, ಇದರಲ್ಲಿ ಒಂದು ಕಲೆ ಬಿದ್ರೂ ಇನ್ಮೇಲೆ ಅದನ್ನೇ ತರಿಸ್ತೀನಿ, ಬೇಜಾರು ಮಾಡ್ಕೋಬೇಡ ಎಂದು ಮೊದಲೇ ಹೇಳಿದ್ದರು. ಅಂದು ಬಣ್ಣ ಎಂದೂ ಬಾರದ ಹಾಗೆ ಬಂದಿತ್ತು, ನೀಲಿಯ ಒಳಗೆ ಕೂದಲೆಳೆಯಷ್ಟು ಕೆಂಪು. ನೋಡೇ ಇಲ್ಲಿ ಎಂದು ತಿರುಗಿದೆ. ಹಿಂದೆ ಗೋಡೆ ಇತ್ತು. ಕಿಟಕಿಗೆ ಹೋಗಿ ಕೂಗಿದ್ದು ಆಗಲೇ.

ಬನ್ನಿ ಎಂದು ಕರೆದರೆ ಈ ಬೀದಿಯವರು, ಏನೋ ಕಿತಾಪತಿ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಕಳ್ಳ ಎಂದರೆ ಹೊಡೆಯುವುದಕ್ಕಾದರೂ ಬಂದಾರು ಎಂದು ನಂಬಿದ್ದೆ. ಬಂದವರು ಟೈಲರ್ ಮಾಮ ಒಬ್ಬರೇ.

ಅವರ ಕೈಯಲ್ಲಿ ಕತ್ತರಿಯೂ ಬಾಯಲ್ಲಿ ಗುಂಡುಸೂಜಿಗಳೂ ಇದ್ದವು. ಕತ್ತರಿ ಕಸಿದುಕೊಂಡು ಹಾಳೆಯ ತುದಿ ಹಿಡಿಸಿದೆ. ಅಲುಗಾಡಬೇಡಿ ಮಾಮ, ನಾನು ಹೇಳಿದಾಗ ಇಳಿಸಿ ಎಂದೆ. ಸೂಜಿಗಳಿದ್ದುದರಿಂದ ಆಕ್ಷೇಪಣೆ ಸಲ್ಲಿಸಲು ಅವರು ಶಕ್ತರಿರಲಿಲ್ಲ. ಬಟ್ಟೆ ಹಿಡಿದು ಪಳಗಿದ ಕೈ, ಒಂದಿಷ್ಟೂ ನಡುಗಲಿಲ್ಲ. ನಡು ತಾಗಿತು. ತುದಿಗಳು ಇಳಿಯುತ್ತಿದ್ದಾಗ ಅವರು ಕಳ್ಳನಿಗಾಗಿ ಕತ್ತು ಬಾಗಿಸಿ ಮಂಚದ ಕೆಳಗೆ ಇಣುಕಿ, ಮೂಗಿನಲ್ಲೇ, ಊಂ? ಎಂದು ವಿಚಾರಿಸಿದರು. ನಾನು ನಕ್ಕೆ. ಹಾಳೆಯ ಮೇಲೆ ಅಂಗಿಯ ಗುಂಡಿಯಷ್ಟು ಬಿಳಿ ಕಲೆ ಬಿದ್ದಿರುತ್ತದೆ.

ಹಾಳೆಯನ್ನು ಹಗ್ಗಕ್ಕೆ ಹಾಕಿದ ಮೇಲೆ ಅವರು ಸೂಜಿಗಳನ್ನು ಅಂಗೈಗೆ ತೆಗೆದುಕೊಂಡು, ಎಲ್ಲಮ್ಮಾ ಕಳ್ಳ ಎಂದು ಕೇಳಲಾಗಿ, ಈಗಷ್ಟೇ ಹೋದ ಎಂದು ತಿಳಿಸಿದೆ. ನಿನ್ನ ತರ್ಲೆಗಿಷ್ಟು ಬೆಂಕಿ ಹಾಕ ಎಂದರು. ಆದರೂ ಹೋಗಲಿಲ್ಲ. ಹಾಳೆಯ ಮುಂದೆಯೇ ನಿಂತು, ಇಷ್ಟು ಚೆನ್ನಾಗಿರೋದನ್ನ ಒಳಗ್ಯಾಕಮ್ಮ ಅಂಟಿಸ್ತಾರೆ ಎಂದು ಕೇಳಿ, ಅವರೇ, ನಾವೂ ಅಷ್ಟೇ ಬಿಡು, ಒಳ್ಳೇ ಕೋಟಿನ ಒಳಗೆ ಲೈನಿಂಗು ಹಾಕ್ತೀವಿ, ತೊಟ್ಕೊಂಡೋನಿಗೆ ಮಾತ್ರ ಕಾಣ್ಲಿ ಅಂತ ಎಂದರು. ಈ ಮನೆಯಲ್ಲಿ ಇನ್ನೊಬ್ಬರ ಧ್ವನಿ ಕೇಳಿ ಬಹಳ ದಿನವಾಗಿತ್ತು. ಇನ್ನೇನಾದರೂ ಹೇಳುತ್ತಾರೆಂದು ಕಾದೆ. ಅಷ್ಟರಲ್ಲಿ ಕೆಳಗಿನಿಂದ ಸುಟ್ಟ ವಾಸನೆ ಬಂದು, ಅಯ್ಯೋ ಕೋಟು ಎಂದು ಇಳಿದು ಓಡಿದರು.

ಐದಕ್ಕೆ ಯಜಮಾನರು ಬಂದು ಕಲೆಯ ಮೇಲೆ ಬೆರಳಿಟ್ಟರು. ನಕ್ಕಿದ್ದು ಯಾರೆಂದು ಈ ಸಲ ಕೇಳಲಿಲ್ಲ. ಬರಿಗೈಯಲ್ಲಿ ಇಳಿದು ಹೋದರು.

ಮುಖ್ಯಪೇದೆಯವರು ಇದನ್ನು ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಬರೆದಿದ್ದಾರೆ. ಒಂದು ಸಾಲಿನ ಹೊರತು ಎಲ್ಲವೂ ಸತ್ಯವಿರುತ್ತದೆ.

ಸ್ಥಳ: ಠಾಣೆಯ ಬಾಗಿಲ ಬಳಿಯ ಬೆಂಚು
ದಿನ: ಬುಧವಾರ
ಸಹಿ: ತರ್ಲೆ

ಆ ಸಾಲು ಯಾವುದೆಂದು ಮುಖ್ಯಪೇದೆಯವರು ಕೇಳಲಾಗಿ ಸೇರಿಸಿದ್ದು: ಒಬ್ಬರಿಂದ ಆಗುವ ಕೆಲಸವಲ್ಲ ಎಂದಿದ್ದೇನೆ. ಆಗುತ್ತದೆ. ಒಂದು ತುದಿಯನ್ನು ಮರದ ಪಟ್ಟಿಗೆ ಸಿಕ್ಕಿಸಿ ಇಳಿಸಿದರಾಯಿತು. ಮೂರು ತಿಂಗಳಿಂದ ಹಾಗೆಯೇ ಮಾಡಿರುತ್ತೇನೆ, ಒಂದು ಹಾಳೆಗೂ ಕಲೆ ಬಿದ್ದಿಲ್ಲ. ಮಂಗಳವಾರವೂ ಪಟ್ಟಿ ಕೈಗೆಟುಕುವಲ್ಲೇ ಇತ್ತು.