ಹನ್ನೆರಡರಿಂದ ಮೂರರ ಪಾಳಿ

ಬಾವಿ ಹತ್ರಾನೋ ಆಲದ ಮರದ ಹತ್ರಾನೋ ದೆವ್ವ ಕಂಡ್ರೆ ಏನ್ಮಾಡ್ತೀರಿ? ಎದ್ದೆನೋ ಬಿದ್ದೆನೋ ಅಂತ ಓಡ್ತೀರಿ. ಮನೆ ಬಾಗಿಲು ಹಾಕ್ಕೋತೀರಿ. ನಮ್ಮ ಚಿಕ್ಕಮ್ಮನ ಮಗನಿಗೆ ಓಡೋಕೆ ಜಾಗಾನೇ ಇರಲಿಲ್ಲ... ಸುತ್ತ ಬರೀ ನೀರು.

ಅವನಿಗೆ ನಾವೆಲ್ಲ 'ಗೊರಕೆ' ಅಂತೀವಿ. ಯಾಕೆ ಅಂತ ಬೇರೆ ಹೇಳ್ಬೇಕಾ? ಅವನ ಭಾವ ಬಡಗಿ. ತಾವೇ ಕಟ್ಟಿದ ಹಾಯಿದೋಣೀನ ಸಮುದ್ರದಾಚೆ ಕೊಂಡವರಿಗೆ ತಲುಪಿಸ್ಬೇಕಿತ್ತು. ಒಂದು ತಿಂಗಳ ದಾರಿ. ಜೊತೆಗೆ ಇವನೊಬ್ಬನೇ. ಹೊರಡುವಾಗ ಅಕ್ಕ, ಎಂಟು ತಿಂಗಳ ಬಸುರಿ, ಇವನ ಕೈ ಹಿಡ್ಕೊಂಡು "ಇವರನ್ನ ವಾಪಸ್ ಕರ್ಕೊಂಡು ಬಾರೋ" ಅಂದಿದ್ಲು.

ದೋಣಿ ಉದ್ದಕ್ಕೆ ಹತ್ತು ಹೆಜ್ಜೆ, ಅಗಲಕ್ಕೆ ಮೂರು. ಮೈ ಮೇಲೆ ಉಪ್ಪು, ಹಾಸಿಗೇಲಿ ಉಪ್ಪು, ಚಹಾದಲ್ಲೂ ಉಪ್ಪು. ರಾತ್ರಿ ಒಬ್ಬ ಚುಕ್ಕಾಣಿ ಹಿಡೀಬೇಕು, ಒಬ್ಬ ಮಲಗ್ಬೇಕು. ಮೂರು ಗಂಟೆಗೊಂದು ಪಾಳಿ... ಒಂಬತ್ತಕ್ಕೆ ಗೊರಕೆ, ಹನ್ನೆರಡಕ್ಕೆ ಭಾವ, ಮೂರಕ್ಕೆ ಮತ್ತೆ ಗೊರಕೆ. ಮುಗಿದೋನು ಕಾಲಡಿ ಹಲಗೆ ಮೇಲೆ ಎರಡು ಸಲ ಬಡೀತಾನೆ... ಟಕ್, ಟಕ್. ಕೆಳಗಿದ್ದೋನು ಎದ್ದು ಬರ್ತಾನೆ. "ಪಾಳಿ ನಿನ್ನದು" ಅಂದ್ರೆ ಮುಗೀತು, ಇಳಿದು ತನ್ನ ಹಾಸಿಗೆ ಪರದೆ ಎಳ್ಕೊಂಡು ಬೀಳೋದೇ. ದೀಪ ಹಾಕೋ ಹಾಗಿಲ್ಲ, ಬ್ಯಾಟರಿ ಉಳಿಸ್ಬೇಕು. ಇಬ್ಬರದೂ ತಲೆ ಮುಚ್ಚೋ ಒಂದೇ ಥರದ ಮಳೆಕೋಟು.

ಹನ್ನೆರಡನೇ ದಿನ ಬೆಳಿಗ್ಗೆ ಗೊರಕೆಗೆ ನಾಚಿಕೆ ಆಯ್ತು.

"ಭಾವ, ದಿನಾ ಹನ್ನೆರಡರಿಂದ ಆರರ ತನಕ ನೀವೇ ಕೂರ್ತಿದ್ದೀರಿ. ಇವತ್ತು ನನ್ನನ್ನ ಬೇಗ ಎಬ್ಬಿಸಿ."

ಭಾವ ಲೋಟ ಕೆಳಗಿಟ್ರು. "ನಾನೆಲ್ಲೋ? ಒಂಬತ್ತರಿಂದ ಮೂರರ ತನಕ ನೀನು ಕೂರ್ತೀಯ, ಪಾಪ ಹುಡುಗ ಅಂತ ನಾನು ಸುಮ್ನಿದ್ದೆ."

"ನಾನು ಹನ್ನೆರಡಕ್ಕೇ ಬಡೀತೀನಿ. ನೀವು ಬರ್ತೀರಿ..."

"ನನಗೆ ಬಡಿತ ಕೇಳಿಸೋದು ಮೂರಕ್ಕೆ."

ಹಾಯಿ ಪಟಪಟ ಅಂತು. ಭಾವ ಪಿಸುಗುಟ್ಟಿದ್ರು. "ಹಾಗಾದ್ರೆ... ನಡುವೆ ಯಾರೋ?"

ನೋಡಿ, ಸಂಬಂಧಿಕರ ದಾಕ್ಷಿಣ್ಯ ಅಂದ್ರೆ ಇದು. ಹನ್ನೊಂದು ರಾತ್ರಿ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೇಳಲಿಲ್ಲ!

ನೆಲ ಇನ್ನೂ ಹದಿನೆಂಟು ದಿನ ದೂರ. ಅವತ್ತಿಂದ ರಾತ್ರಿ ಇಬ್ಬರೂ ಮಲಗಲಿಲ್ಲ. ಸೊಂಟದ ಹಗ್ಗಾನ ದೋಣಿಗೆ ಕೊಂಡಿ ಹಾಕ್ಕೊಂಡು, ಭುಜಕ್ಕೆ ಭುಜ ತಾಗಿಸಿ ಮೇಲೇ ಕೂತ್ರು. ಒಳಗೆ ಹೋಗೋಕೆ ಭಯ, ಹೊರಗಿರೋಕೂ ಭಯ. ಹನ್ನೆರಡಾದ್ರೆ ಕೆಳಗಿಂದ ಪರದೆ ಸರಿಯೋ ಸದ್ದು... ಸರ್... ಅಷ್ಟೇ. ಯಾರೂ ಬರ್ತಿರಲಿಲ್ಲ.

ಮೂರನೇ ರಾತ್ರಿ ಬಿರುಗಾಳಿ. ನಿದ್ದೆಗೆಟ್ಟ ಕಣ್ಣು, ಮರಗಟ್ಟಿದ ಕೈ. ಒಂದು ಅಲೆ ಧಡ್ ಅಂತ ಬಂತು ನೋಡಿ, ಭಾವ ಪಕ್ಕದಲ್ಲಿಲ್ಲ! ಸೊಂಟದ ಹಗ್ಗದಲ್ಲಿ ದೋಣಿಯಾಚೆ ನೇತಾಡ್ತಿದ್ದಾರೆ. ತಲೆ ಮುಳುಗತ್ತೆ, ಏಳತ್ತೆ. ಹಗ್ಗ ಕಿರ್ರ್ ಕಿರ್ರ್ ಅಂತಿದೆ. ಗೊರಕೆ ಚುಕ್ಕಾಣಿ ಬಿಟ್ರೆ ದೋಣಿ ಮಗುಚತ್ತೆ. ಬಿಡದಿದ್ರೆ ಭಾವ ಹೋಗ್ತಾರೆ. ಅಕ್ಕನ ಮುಖ ಕಣ್ಮುಂದೆ ಬಂತಂತೆ.

ಹಿಮ್ಮಡಿಯಿಂದ ಹಲಗೆಗೆ ಬಡಿದ. ಟಕ್, ಟಕ್.

"ಯಾರಾದ್ರೂ ಆಗಿರು... ಪಾಳಿ ನಿನ್ನದು!"

ಕೈ ಬಿಟ್ಟ.

ಚುಕ್ಕಾಣಿ ಅಲುಗಲಿಲ್ಲ. ದೋಣಿ ಅಲೆಗೆ ಎದೆ ಕೊಟ್ಟು ನೆಟ್ಟಗೆ ನಿಂತ್ಕೊಂಡ್ತು. ಇವನು ಹಿಂದೆ ತಿರುಗಿ ನೋಡ್ಲೇ ಇಲ್ಲ. ಭಾವನ್ನ ಎಳ್ಕೊಂಡ, ತಬ್ಕೊಂಡ, ಇಬ್ಬರೂ ಒಳಗೆ ಉರುಳಿದ್ರು. ಬೆಳಗಾಗೋ ತನಕ ಮೇಲೆ ಯಾರೋ ಕಾಲು ಬದಲಾಯಿಸಿ ನಿಲ್ಲೋ ಸದ್ದು ಕೇಳ್ತಿತ್ತಂತೆ.

ಬೆಳಿಗ್ಗೆ ಮೇಲೆ ಯಾರೂ ಇಲ್ಲ. ಆಮೇಲೆ ದಾರಿಯುದ್ದಕ್ಕೂ ಏನೂ ಆಗಲಿಲ್ಲ. ದಡ ಮುಟ್ಟಿದ್ರು. ನಾಲ್ಕು ಹಗ್ಗ ಬಿಗಿದು ದೋಣಿ ಕಟ್ಟಿ, ನೆಲದ ಮೇಲೆ ಸತ್ತೋರ ಹಾಗೆ ಮಲಗಿದ್ರು.

ಮಾರನೇ ದಿನ ದೋಣಿ ಇಲ್ಲ, ದಡದಲ್ಲಿ ಬರೀ ಹಗ್ಗ. ಗಾಳಿ ದಡದ ಕಡೆಗೇ ಬೀಸ್ತಿತ್ತು, ಆದ್ರೂ ಇಲ್ಲ. ಭಾವ ಕಲ್ಲಿನ ಮೇಲೆ ಕೂತು ಅತ್ತುಬಿಟ್ರಂತೆ. ದೋಣಿಗಲ್ಲ.

"ಪಾಳಿ ಮುಗೀತು, ಇಳ್ಕೋ ಅಂತ ಅದಕ್ಕೆ ನಾವ್ಯಾರೂ ಹೇಳ್ಲೇ ಇಲ್ಲವಲ್ಲೋ..."

ನಂಬೋರು ನಂಬಿ, ಬಿಡೋರು ಬಿಡಿ. ಆ ನಾಲ್ಕು ಹಗ್ಗ ದಡದಲ್ಲಿ ಸಿಕ್ಕ ಹಾಗೇ ನಮ್ಮ ಚಿಕ್ಕಮ್ಮನ ಮನೇಲಿವೆ, ನಾನೇ ಮುಟ್ಟಿ ನೋಡಿದ್ದೀನಿ. ಹರಿದಿಲ್ಲ, ಕೊಯ್ದಿಲ್ಲ. ಯಾರೋ ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದಾರೆ... ಎಡಗೈಯವರು ಸುತ್ತೋ ಹಾಗೆ.

ಅವರಿಬ್ಬರೂ ಬಲಗೈಯವರು.